ಪ್ರೆಸ್‌ನೋಟ್ ಹೊರಡುವಷ್ಟರಲ್ಲಿ ವಿಡಿಯೊ ಊರು ಸುತ್ತಿರುತ್ತದೆ

ಹದಿನೈದು ವರ್ಷದ ಹಿಂದೆ ಯಾವುದೇ ನಿಗಮದ ಅಥವಾ ವಿಶ್ವವಿದ್ಯಾಲಯದ ಸಾರ್ವಜನಿಕ ಸಂಪರ್ಕಾಧಿಕಾರಿಯ ಕೋಣೆಗೆ ಬೆಳಿಗ್ಗೆ ಹತ್ತಕ್ಕೆ ಹೋದರೂ ಕಾಣುತ್ತಿದ್ದುದು ಹೆಚ್ಚುಕಡಿಮೆ ಒಂದೇ ನೋಟ. ಮೇಜಿನ ಮೇಲೆ ಆ ದಿನದ ಪತ್ರಿಕೆಗಳ ರಾಶಿ, ಕತ್ತರಿ, ಗೋಂದು, ಬಿಳಿ ಹಾಳೆ. ಸಂಸ್ಥೆಯ ಹೆಸರು ಬಂದ ಸುದ್ದಿಗಳನ್ನೆಲ್ಲ ಕತ್ತರಿಸಿ ಅಂಟಿಸಿ, ಪಕ್ಕದಲ್ಲಿ ಪತ್ರಿಕೆಯ ಹೆಸರು, ದಿನಾಂಕ ಬರೆದು, ಹನ್ನೊಂದರೊಳಗೆ ಕಟಿಂಗ್ ಫೈಲನ್ನು ಸಾಹೇಬರ ಮೇಜಿಗೆ ಮುಟ್ಟಿಸಿದರೆ ಅರ್ಧ ಕೆಲಸ ಮುಗಿದಂತೆ. ಮಧ್ಯಾಹ್ನ ಒಂದು ಪತ್ರಿಕಾ ಪ್ರಕಟಣೆ. ಸಂಜೆ ಬ್ಯೂರೊಗೆ ಒಂದು ಫೋನು: “ಸರ್, ಒಂಚೂರು ನೋಡ್ಕೊಳ್ಳಿ, ನಾಳೆ ಬರೋ ಹಾಗೆ ಮಾಡಿ.” ಆಮೇಲೆ ಮನೆ.

ಕಟಿಂಗ್ ಫೈಲು ಈಗಲೂ ಇದೆ, ಅದನ್ನು ಕೇಳುವ ಸಾಹೇಬರೂ ಇದ್ದಾರೆ. ಆದರೆ ಕೆಲಸ ಶುರುವಾಗುವುದು ಕಚೇರಿಯಲ್ಲಲ್ಲ. ಬೆಳಿಗ್ಗೆ ಆರೂವರೆಗೆ, ಹಾಸಿಗೆ ಬಿಡುವ ಮೊದಲು ಫೋನು ತೆರೆದಾಗ. ಹಿಂದಿನ ರಾತ್ರಿ ಯಾರೋ ಹಾಕಿದ ವಿಡಿಯೊಗೆ ಟ್ರೋಲ್ ಪೇಜೊಂದು ಸಿನಿಮಾ ಡೈಲಾಗ್ ಅಂಟಿಸಿರುತ್ತದೆ. ಶಾಸಕರೊಬ್ಬರು ಅದನ್ನು ಹಂಚಿಕೊಂಡಿರುತ್ತಾರೆ. ವಾಹಿನಿಯ ವರದಿಗಾರರಿಂದ “ಸರ್, ಪ್ರತಿಕ್ರಿಯೆ?” ಎಂಬ ಸಂದೇಶ ಬಂದು ಬಿದ್ದಿರುತ್ತದೆ. ಸಾಹೇಬರಿಗೆ ಅದು ಇಷ್ಟರೊಳಗೆ ಅವರ ಭಾಮೈದನ ಫೋನಿನಿಂದ ತಲುಪಿಯೂ ಆಗಿರುತ್ತದೆ.

ಇದು ವೇಗದ ಸಮಸ್ಯೆ ಎನ್ನುವವರೇ ಹೆಚ್ಚು. ಚುರುಕಾಗಿ ಟೈಪ್ ಮಾಡುವ ಹುಡುಗರನ್ನು ಇಟ್ಟುಕೊಂಡು, ಚೆಂದದ ಗ್ರಾಫಿಕ್ಸ್ ಮಾಡಿಸಿ, ದಿನಕ್ಕೆ ನಾಲ್ಕು ಪೋಸ್ಟ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಆಡಳಿತ ಮಂಡಳಿಗಳು ನಂಬಿಕೊಂಡಿವೆ. ನನಗೆ ಹಾಗನ್ನಿಸುವುದಿಲ್ಲ. ಎರಡು ಸಾಲಿನ ಉತ್ತರ ಟೈಪ್ ಮಾಡಲು ಎರಡು ನಿಮಿಷ ಸಾಕು. ಹೊತ್ತು ಹಿಡಿಯುವುದು ಆ ಎರಡು ಸಾಲಿನಲ್ಲಿ ಏನಿರಬೇಕೆಂದು ತಿಳಿಯಲು. ಒಳಗೆ ನಡೆದದ್ದೇನು, ಅದನ್ನು ಬಲ್ಲವರು ಯಾರು, ಹೊರಗೆ ಹೇಳಲು ಯಾರು ಒಪ್ಪಬೇಕು ಎಂಬುದೇ ಗೊತ್ತಿರುವುದಿಲ್ಲ. ಮೊದಲು ಹೊರಗಿನ ಪತ್ರಕರ್ತರ ಬೆನ್ನು ಹತ್ತುತ್ತಿದ್ದ ಸಂಪರ್ಕಾಧಿಕಾರಿ ಈಗ ತನ್ನ ಸಂಸ್ಥೆಗೇ ವರದಿಗಾರನಾಗಬೇಕಾಗಿದೆ. ಜಾಲತಾಣ ತಂದ ದೊಡ್ಡ ಬದಲಾವಣೆ ಇದು. ಪುರಸಭೆ, ಆಸ್ಪತ್ರೆ, ಹಾಲು ಒಕ್ಕೂಟ, ಕಾಲೇಜುಗಳಲ್ಲಿ ಒಬ್ಬರೇ ಅಥವಾ ಇಬ್ಬರೇ ಈ ಕೆಲಸ ನೋಡಿಕೊಳ್ಳುವವರನ್ನು, ಪತ್ರಿಕೋದ್ಯಮ ಓದಿ ಈಗಷ್ಟೇ ಇದಕ್ಕೆ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಬರೆಯುತ್ತಿದ್ದೇನೆ.

ಹಾಗೆ ನೋಡಿದರೆ ಪತ್ರಿಕಾ ಪ್ರಕಟಣೆಯ ಹುಟ್ಟೇ ಇಂಥ ಒಂದು ಬಿಕ್ಕಟ್ಟಿನಲ್ಲಿ ಆದದ್ದು. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯ ರೈಲು ಸೇತುವೆಯಿಂದ ನೀರಿಗುರುಳಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಪಘಾತಗಳನ್ನು ಆದಷ್ಟು ಮುಚ್ಚಿಡುವುದು ಆಗಿನ ರೈಲು ಕಂಪನಿಗಳ ರೂಢಿ. ಕಂಪನಿಗೆ ಕೆಲಸ ಮಾಡುತ್ತಿದ್ದ ಐವಿ ಲೀ, ಬೇರೆಯವರು ಹೇಳುವ ಮೊದಲು ಕಂಪನಿಯೇ ನಡೆದದ್ದನ್ನು ಬರೆದು ಪತ್ರಿಕೆಗಳಿಗೆ ಕೊಡುವಂತೆ ಮಾಡಿದರು. ಮೊದಲ ಪತ್ರಿಕಾ ಪ್ರಕಟಣೆ ಎಂದು ಪಠ್ಯಪುಸ್ತಕಗಳು ಹೇಳುವುದು ಅದನ್ನೇ. ಆಮೇಲಿನ ನೂರು ವರ್ಷದಲ್ಲಿ ಪ್ರಕಟಣೆ ಎಂದರೆ ಉದ್ಘಾಟನೆ, ಹಾರ, ಗಣ್ಯರ ಹೆಸರುಗಳ ಪಟ್ಟಿ ಎಂದಾಗಿಬಿಟ್ಟದ್ದು ಬೇರೆ ಮಾತು.

ಬಾಗಿಲಲ್ಲಿ ನಿಂತವರು

2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣಕ್ಕೆ ತಲೆಯ ಮೇಲೆ ಮೂಟೆ ಹೊತ್ತು ಬಂದ ರೈತರೊಬ್ಬರನ್ನು ಬಟ್ಟೆ ಕೊಳಕಾಗಿದೆ ಎಂದು ತಪಾಸಣೆಯ ಜಾಗದಲ್ಲೇ ತಡೆದರು. ಸಹಪ್ರಯಾಣಿಕರು ತಕರಾರು ತೆಗೆದರು, ವಿಡಿಯೊ ಆಯಿತು, ಎಕ್ಸ್‌ನಲ್ಲಿ ಹರಡಿತು. ಮೆಟ್ರೊ ನಿಗಮ (ಬಿಎಂಆರ್‌ಸಿಎಲ್) ವಿಚಾರಣೆ ನಡೆಸಿ, ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದಿರುವುದಾಗಿ ಅದೇ ಎಕ್ಸ್‌ನಲ್ಲಿ ಹೇಳಿ, ವಿಷಾದ ಸೂಚಿಸಿತು.

ಐದು ತಿಂಗಳಾದ ಮೇಲೆ, ಜುಲೈನಲ್ಲಿ, ಮಾಗಡಿ ರಸ್ತೆಯ ಜಿ.ಟಿ. ಮಾಲ್‌ಗೆ ಮಗನ ಜತೆ ಸಿನಿಮಾ ನೋಡಲು ಬಂದ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ವಿಡಿಯೊ ಹೊರಬಂದದ್ದೇ ತಡ, ರೈತ ಸಂಘಟನೆಗಳೂ ಕನ್ನಡಪರ ಸಂಘಟನೆಗಳೂ ಬಾಗಿಲಿಗೆ ಬಂದವು. ಕ್ಷಮೆ ಕೇಳಿದ್ದಾಯಿತು, ಸನ್ಮಾನವೂ ಆಯಿತು. ಅಷ್ಟಾದರೂ ಮಾಲ್ ಅನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಅಧಿವೇಶನದಲ್ಲೇ ಪ್ರಕಟಿಸಿತು. ಮುಂದಿನ ವರ್ಷದ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಎಸ್‌ಬಿಐ ಶಾಖೆಯೊಂದರಲ್ಲಿ ಕನ್ನಡ ಮಾತಾಡುವ ವಿಚಾರಕ್ಕೆ ನಡೆದ ಜಗಳ ಮುಖ್ಯಮಂತ್ರಿಯವರ ಎಕ್ಸ್ ಖಾತೆಯವರೆಗೆ ಹೋಯಿತು. ಅಧಿಕಾರಿಯ ವರ್ಗಾವಣೆ ಆಯಿತು.

ಮೂರೂ ಕಡೆ ಸಂಸ್ಥೆಯ ಮರ್ಯಾದೆ ಹೋದದ್ದು ಸಂಪರ್ಕಾಧಿಕಾರಿ ಬರೆದ ಯಾವ ಸಾಲಿನಿಂದಲೂ ಅಲ್ಲ. ಗೇಟಿನ ಹತ್ತಿರ, ಶಾಖೆಯ ಮೇಜಿನ ಹತ್ತಿರ. ಹೊರಗುತ್ತಿಗೆ ಏಜೆನ್ಸಿಯಿಂದ ಬಂದ ಕಾವಲುಗಾರ, ಬಸ್ಸಿನ ಕಂಡಕ್ಟರ್, ಒಪಿಡಿ ಚೀಟಿ ಬರೆಯುವವರು, ಹಾಸ್ಟೆಲ್ ವಾರ್ಡನ್ ಇವರ ಮುಂದೆ ಈಗ ಸದಾ ಒಂದು ಕ್ಯಾಮೆರಾ ಇದೆ. ಇವರಿಗೆ ತರಬೇತಿ ಕೊಡುವುದು ಆಡಳಿತ ವಿಭಾಗದ ಕೆಲಸ, ನಮ್ಮದಲ್ಲ ಎನ್ನುವ ಸಂಪರ್ಕಾಧಿಕಾರಿ ಬರೀ ಬೆಂಕಿ ಆರಿಸುತ್ತಲೇ ಕಾಲ ಕಳೆಯಬೇಕಾಗುತ್ತದೆ. ಮೂರು ತಿಂಗಳಿಗೊಮ್ಮೆ ಇವರ ಜತೆ ಒಂದು ಗಂಟೆ ಕೂರಿ. ಭಾಷಣ ಬೇಡ, ಹಿಂದಿನ ಇಂಥ ಎರಡು ವಿಡಿಯೊ ತೋರಿಸಿ, “ಇಲ್ಲಿ ನೀವಿದ್ದಿದ್ದರೆ ಏನು ಮಾಡ್ತಿದ್ರಿ?” ಎಂದು ಕೇಳಿ. ಒಬ್ಬರು ಹೇಳಲಿ, ಉಳಿದವರು ತಿದ್ದಲಿ. ಯಾರಾದರೂ ಫೋನು ಎತ್ತಿ ಚಿತ್ರೀಕರಿಸತೊಡಗಿದರೆ ಅದನ್ನು ಕಸಿಯಬಾರದು, ಕೈ ಅಡ್ಡ ಇಡಬಾರದು, ಏಕವಚನ ಬಾರದು. “ಒಂದ್ನಿಮಿಷ ಇರಿ, ನಮ್ಮ ಮೇಲಿನವರನ್ನ ಕರೀತೀನಿ” ಎಂಬ ಒಂದೇ ವಾಕ್ಯ ಬಾಯಿಪಾಠವಾದರೂ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ. ಮತ್ತೆ, ಆ ಮೇಲಿನವರು ಯಾರು, ಅವರ ಫೋನ್ ನಂಬರ್ ಯಾವುದು ಎಂದು ಈ ಸಿಬ್ಬಂದಿಗೆ ಗೊತ್ತಿರಬೇಕು. ಎಷ್ಟೋ ಕಡೆ ಗೊತ್ತಿರುವುದಿಲ್ಲ.

ಬೆಳಗಿನ ಅರ್ಧ ಗಂಟೆ

ಕತ್ತರಿ–ಗೋಂದಿನ ಜಾಗಕ್ಕೆ ಈಗ ಬಂದಿರುವುದು ಕೇಳಿಸಿಕೊಳ್ಳುವ ಕೆಲಸ. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಸಂಸ್ಥೆಯ ಹೆಸರನ್ನು ಜನ ಬರೆಯುವ ಎಲ್ಲ ಬಗೆಯಲ್ಲೂ ಹುಡುಕಿ ನೋಡಿ: ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ, ಕಾಗುಣಿತ ತಪ್ಪಿದ ರೂಪದಲ್ಲಿ, ಊರಿನವರ ಬಾಯಲ್ಲಿ ಓಡಾಡುವ ಅಡ್ಡಹೆಸರಿನಲ್ಲಿ. ಎಕ್ಸ್ ನೋಡಿ ಸುಮ್ಮನಾಗಬೇಡಿ. ಜಿಲ್ಲಾ ಕೇಂದ್ರಗಳಲ್ಲಿ ಮಾತು ನಡೆಯುವುದು ಊರಿನ ಫೇಸ್‌ಬುಕ್ ಗುಂಪುಗಳಲ್ಲಿ, ಸ್ಥಳೀಯ ಯೂಟ್ಯೂಬ್ ಚಾನೆಲ್‌ಗಳ ಕೆಳಗಿನ ಪ್ರತಿಕ್ರಿಯೆಗಳಲ್ಲಿ. ಆಸ್ಪತ್ರೆ, ಕಾಲೇಜುಗಳವರು ಗೂಗಲ್ ಮ್ಯಾಪ್‌ನಲ್ಲಿ ತಮ್ಮ ಸಂಸ್ಥೆಯ ಕೆಳಗೆ ಜನ ಬರೆದದ್ದನ್ನು ತಪ್ಪದೆ ಓದಬೇಕು. ಹೊಸಬರು ಮೊದಲು ನೋಡುವುದು ಅದನ್ನೇ.

ಸಿಕ್ಕಿದ್ದನ್ನೆಲ್ಲ ಸಾಹೇಬರಿಗೆ ಫಾರ್ವರ್ಡ್ ಮಾಡುವುದು ಕೆಲಸವಲ್ಲ, ಚಾಡಿ. ಪ್ರಶ್ನೆ ಯಾವುದು, ದೂರು ಯಾವುದು, ಬರೀ ಬೈಗುಳ ಯಾವುದು, ಸುಳ್ಳು ಯಾವುದು ಎಂದು ಬೇರ್ಪಡಿಸುವುದರಲ್ಲಿ ನಿಮ್ಮ ಸಂಬಳ ಇದೆ. ಪ್ರಶ್ನೆಗೆ ಕೂಡಲೇ ಉತ್ತರ ಕೊಡಿ. ಅದೇ ಪ್ರಶ್ನೆಯನ್ನು ಒಂದೇ ದಿನ ನಾಲ್ಕಾರು ಮಂದಿ ಕೇಳಿದರೆ ನಿಮ್ಮ ಮೂಲ ಪ್ರಕಟಣೆಯಲ್ಲಿ ಏನೋ ಬಿಟ್ಟುಹೋಗಿದೆ ಎಂದರ್ಥ. ದೂರನ್ನು ಸಂಬಂಧಪಟ್ಟವರಿಗೆ ಕಳಿಸಿ ಬೆನ್ನು ಹತ್ತಿ. ಬೈಗುಳಕ್ಕೆ ಸುಮ್ಮನಿರಿ. ಬೈಗುಳದೊಳಗೇ ದೂರು ಅವಿತಿರುವುದೂ ಉಂಟು; ಬಸ್ಸಿಗೆ ಒಂದು ಗಂಟೆ ಕಾದವರು ಸಭ್ಯವಾಗಿ ಬರೆಯಲಿ ಎಂದು ನಿರೀಕ್ಷಿಸುವುದು ಅತಿಯಾಸೆ.

ಉತ್ತರದ ಧಾಟಿಯ ಬಗ್ಗೆ ಒಂದು ಮಾತು. ಎಂ.ಎನ್. ರೆಡ್ಡಿ ಅವರು ಬೆಂಗಳೂರು ಪೊಲೀಸ್ ಕಮಿಷನರ್ ಆಗಿದ್ದ ಕಾಲದಲ್ಲಿ ಟ್ವಿಟರ್‌ನಲ್ಲಿ ನೇರವಾಗಿ ಜನರ ಜತೆ ಮಾತಿಗಿಳಿದದ್ದು ಆಗ ಹೊಸ ಸಂಗತಿ. ಮುಂದೆ ಬೆಂಗಳೂರು ಪೊಲೀಸರ ಖಾತೆ ಸಿನಿಮಾ ಸಾಲು, ಮೀಮ್‌ಗಳ ತಮಾಷೆಗೂ ಹೆಸರಾಯಿತು. ಅದನ್ನು ನೋಡಿ ಉಳಿದ ಇಲಾಖೆ, ನಿಗಮಗಳೂ ಮೀಮ್ ಹಾಕತೊಡಗಿವೆ. ಹೆಲ್ಮೆಟ್ ಹಾಕಿಕೊಳ್ಳಿ ಎಂದು ಹೇಳಲು ತಮಾಷೆ ಒಗ್ಗುತ್ತದೆ. ಎರಡು ದಿನ ಕರೆಂಟಿಲ್ಲದ ಬಡಾವಣೆಯವರ ಮುಂದೆ ಅದೇ ತಮಾಷೆ ಗಾಯಕ್ಕೆ ಉಪ್ಪು.

ಮೊದಲ ಉತ್ತರ

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಸಣ್ಣ ಪಟ್ಟಣ, ಬೆಳಿಗ್ಗೆ ಏಳಕ್ಕೆ ಒಬ್ಬರು ಬಿಂದಿಗೆಯಲ್ಲಿ ಕಂದು ಬಣ್ಣದ ನೀರು ಹಿಡಿದು, ಪುರಸಭೆಯ ಹೆಸರು ಹೇಳಿ ವಿಡಿಯೊ ಹಾಕಿದ್ದಾರೆ. ನಮ್ಮ ಕಚೇರಿಗಳಿಂದ ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ:

“ಸದರಿ ವಿಷಯವು ಗಮನಕ್ಕೆ ಬಂದಿದ್ದು, ಸಂಬಂಧಪಟ್ಟವರಿಂದ ವರದಿ ಪಡೆದು ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದು.”

ಇದರಲ್ಲಿ ಸುಳ್ಳಿಲ್ಲ. ಉಪಯೋಗವೂ ಇಲ್ಲ. ಆ ನೀರನ್ನು ಮಗುವಿಗೆ ಕುಡಿಸಬೇಕೋ ಬೇಡವೋ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಇದನ್ನೇ ಹೀಗೆ ಬರೆಯಬಹುದಿತ್ತು:

“ಗಾಂಧಿನಗರ 2ನೇ ಅಡ್ಡರಸ್ತೆಯಲ್ಲಿ ಇಂದು ಬೆಳಿಗ್ಗೆ ನಲ್ಲಿಯಲ್ಲಿ ಕಂದು ಬಣ್ಣದ ನೀರು ಬಂದಿರುವುದು ನಿಜ. ಕಾರಣ ಇನ್ನೂ ತಿಳಿದಿಲ್ಲ. ಎಂಜಿನಿಯರ್ ಸ್ಥಳದಲ್ಲಿದ್ದಾರೆ, ನೀರನ್ನು ಪರೀಕ್ಷೆಗೆ ಕಳಿಸಿದ್ದೇವೆ. ವರದಿ ಬರುವವರೆಗೆ ಆ ರಸ್ತೆಯವರು ನಲ್ಲಿ ನೀರು ಕುಡಿಯಬೇಡಿ. 9 ಗಂಟೆಗೆ ಟ್ಯಾಂಕರ್ ಬರುತ್ತದೆ. ಮುಂದಿನ ಮಾಹಿತಿ 11 ಗಂಟೆಗೆ ಇಲ್ಲೇ ಕೊಡುತ್ತೇವೆ.”

ನಡೆದದ್ದನ್ನು ಒಪ್ಪಿಕೊಂಡಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಿದೆ, ಜನ ಏನು ಮಾಡಬೇಕೆಂದು ಹೇಳಿದೆ, ಮತ್ತೆ ಯಾವಾಗ ಮಾತಾಡುತ್ತೇವೆ ಎಂದು ಗಡುವು ಹಾಕಿಕೊಂಡಿದೆ. ಹನ್ನೊಂದಕ್ಕೆ ಹೊಸದೇನೂ ತಿಳಿಯದಿದ್ದರೂ ಹನ್ನೊಂದಕ್ಕೆ ಬರೆಯಲೇಬೇಕು: “ವರದಿ ಇನ್ನೂ ಬಂದಿಲ್ಲ, ಎರಡನೇ ಟ್ಯಾಂಕರ್ ಹೊರಟಿದೆ.” ಕೊಟ್ಟ ಗಂಟೆ ತಪ್ಪಿದರೆ ಬೆಳಗಿನ ಒಳ್ಳೆಯ ಉತ್ತರವೂ ನೀರಿನಲ್ಲಿ ಹೋಮ.

ಆ ಆರು ವಾಕ್ಯ ಬರೆಯಲು ಏಳೂ ಕಾಲಿನೊಳಗೆ ಮೂರು ಫೋನು ಮಾಡಿರಬೇಕು: ಆ ರಸ್ತೆಗೆ ನೀರು ಬಿಡುವ ವಾಲ್ವ್‌ಮನ್‌ಗೆ, ಎಂಜಿನಿಯರ್‌ಗೆ, ಮುಖ್ಯಾಧಿಕಾರಿಗೆ. ಕೊನೆಯ ಇಬ್ಬರ ನಂಬರ್ ಎಲ್ಲರ ಬಳಿಯೂ ಇರುತ್ತದೆ. ವಾಲ್ವ್‌ಮನ್ ನಂಬರ್ ಇಟ್ಟುಕೊಂಡಿರುವ, ಆತ ಹೆಸರು ನೋಡಿ ಫೋನ್ ಎತ್ತುವಷ್ಟು ಬಳಕೆ ಇಟ್ಟುಕೊಂಡಿರುವ ಸಂಪರ್ಕಾಧಿಕಾರಿಯೇ ಈ ಕಾಲಕ್ಕೆ ಹೇಳಿಮಾಡಿಸಿದವರು. ಹಳೆಯ ಕಾಲದಲ್ಲಿ ಸಂಪಾದಕರ ಪರಿಚಯ ಎಷ್ಟು ಮುಖ್ಯವಾಗಿತ್ತೋ ಈಗ ಲೈನ್‌ಮನ್, ಸ್ಟಾಫ್ ನರ್ಸ್, ಡಿಪೊ ಮ್ಯಾನೇಜರ್ ಪರಿಚಯ ಅಷ್ಟು ಮುಖ್ಯ.

ಇನ್ನು ಒಪ್ಪಿಗೆ. ಪ್ರತಿ ಉತ್ತರವೂ ಕಡತದಲ್ಲಿ ಹೋಗಿ ಸಹಿಯಾಗಿ ಬರುವುದಾದರೆ ಜಾಲತಾಣದ ಖಾತೆ ತೆರೆಯುವುದೇ ಬೇಡ. ಹಾಗೆಂದು ಎಲ್ಲಕ್ಕೂ ನೀವೇ ಧಣಿಯಾಗುವುದೂ ಅಪಾಯ. ದಾರಿ ಇದೆ. ನೀರು ಬಿಡುವ ಸಮಯ, ದುರಸ್ತಿ, ವಿಳಾಸ, ಶುಲ್ಕ, ಕೊನೆಯ ದಿನಾಂಕದಂಥ ಮಾಹಿತಿಗೆ ಯಾರನ್ನೂ ಕೇಳಬೇಕಿಲ್ಲ ಎಂದು ಮೊದಲೇ ಬರೆಸಿಕೊಳ್ಳಿ. ಸೇವೆಯ ದೂರುಗಳಿಗೆ ಆ ವಿಭಾಗದ ಮುಖ್ಯಸ್ಥರ ಒಂದು ಫೋನ್ ಮಾತು ಸಾಕು ಎಂದಿರಲಿ; ಅವರು ಸಿಗದಿದ್ದರೆ ಯಾರು ಎಂಬುದೂ ಇರಲಿ. ಸಾವು, ಪೊಲೀಸ್ ಅಥವಾ ನ್ಯಾಯಾಲಯದ ವಿಚಾರ, ರೋಗಿಯ ವಿವರ, ಜಾತಿ–ಧರ್ಮದ ಎಳೆ ಇರುವ ಸಂಗತಿಗೆ ಸಂಸ್ಥೆಯ ಮುಖ್ಯಸ್ಥರು ಮತ್ತು ಕಾನೂನು ಸಲಹೆಗಾರರು ನೋಡದೆ ಒಂದು ಅಕ್ಷರವೂ ಹೋಗಬಾರದು. ಇದೆಲ್ಲ ಒಂದೇ ಪುಟ. ಸಹಿಯಾದ ಆ ಪುಟ ನಿಮ್ಮ ಬಳಿ ಇದ್ದರೆ ರಾತ್ರಿ ಹತ್ತಕ್ಕೆ ಯಾರನ್ನು ಎಬ್ಬಿಸಬೇಕು ಎಂಬ ಗೊಂದಲ ಇರುವುದಿಲ್ಲ, ನಾಳೆ “ಯಾರನ್ನ ಕೇಳಿ ಹಾಕಿದ್ರಿ?” ಎಂಬ ಪ್ರಶ್ನೆಗೂ ಉತ್ತರ ಇರುತ್ತದೆ.

ದೂರುದಾರರ ಫೋನ್ ನಂಬರ್, ಖಾತೆ ಸಂಖ್ಯೆ, ಆರ್.ಆರ್. ನಂಬರ್‌ಗಳನ್ನು ಎಲ್ಲರಿಗೂ ಕಾಣುವಂತೆ ಕೇಳಬೇಡಿ. ಬ್ಯಾಂಕು, ಕೊರಿಯರ್ ಕಂಪನಿಗಳ ಹೆಸರಿನಲ್ಲಿ ನಕಲಿ ಗ್ರಾಹಕ ಸೇವಾ ಖಾತೆ ತೆರೆದುಕೊಂಡು ಇಂಥ ದೂರುಗಳನ್ನೇ ಕಾಯುತ್ತ ಕೂತ ವಂಚಕರಿದ್ದಾರೆ. ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಅಂಥ ಖಾತೆ ಹುಟ್ಟಿದೆಯೇ ಎಂದು ವಾರಕ್ಕೊಮ್ಮೆ ಹುಡುಕಿ. ನೀಲಿ ಟಿಕ್ ನೋಡಿ ನಂಬುವ ಕಾಲ ಹೋಯಿತು. 2022ರ ನವೆಂಬರ್‌ನಲ್ಲಿ ಟ್ವಿಟರ್ ದುಡ್ಡಿಗೆ ಟಿಕ್ ಮಾರಲು ಹೊರಟಾಗ ಅಮೆರಿಕದ ಔಷಧ ಕಂಪನಿ ಎಲೈ ಲಿಲ್ಲಿ ಹೆಸರಿನಲ್ಲಿ ಯಾರೋ ಖಾತೆ ತೆರೆದು, ಇನ್ನು ಇನ್ಸುಲಿನ್ ಉಚಿತ ಎಂದು ಬರೆದರು. ಅದು ತಮ್ಮದಲ್ಲ ಎಂದು ಕಂಪನಿ ಸ್ಪಷ್ಟನೆ ಕೊಡಬೇಕಾಯಿತು. ದೊಡ್ಡ ಜಾಲತಾಣಗಳು ಭಾರತದಲ್ಲಿ ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು ಎಂದು 2021ರ ಐಟಿ ನಿಯಮಗಳು ಹೇಳುತ್ತವೆ. ನಕಲಿ ಖಾತೆಯ ದೂರು ಅವರಿಗೆ ಹೋಗಲಿ. ಜನ ದುಡ್ಡು ಕಳೆದುಕೊಂಡಿದ್ದರೆ 1930ಕ್ಕೆ ಕರೆ ಮಾಡುವಂತೆ ನಿಮ್ಮ ಖಾತೆಯಲ್ಲೇ ಹಾಕಿ.

ಕನ್ನಡದಲ್ಲಿ ಕಳಿಸುವಾಗ

ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲದ ತಲೆನೋವು ಇದು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಕಟಣೆಯನ್ನು ಹಾಗೆಯೇ ಫೋನಿಗೆ ಕಳಿಸಿದರೆ ಅಲ್ಲಿ ತೆರೆದುಕೊಳ್ಳುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ವರದಿಗಾರರು ಅದನ್ನು ಪರಿವರ್ತಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಸುದ್ದಿ ಬಂದಿರುತ್ತದೆ. ಪ್ರಕಟಣೆ ಯೂನಿಕೋಡ್‌ನಲ್ಲೇ ಇರಲಿ. ಪಿಡಿಎಫ್ ಜತೆಗೆ, ನಕಲು ಮಾಡಿಕೊಳ್ಳಲು ಬರುವ ಪಠ್ಯವನ್ನು ವಾಟ್ಸ್‌ಆ್ಯಪ್‌ನಲ್ಲಿ ಸಂದೇಶವಾಗಿಯೇ ಹಾಕಿ. ಲೆಟರ್‌ಹೆಡ್‌ನ ಫೋಟೊ ತೆಗೆದು ಕಳಿಸುವ ಚಾಳಿ ಬಿಡಿ. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳಲಾರದು, ನಾಳೆ ಹುಡುಕಿದರೆ ಸಿಗುವುದೂ ಇಲ್ಲ.

ಎಕ್ಸ್‌ನ 280 ಅಕ್ಷರಗಳ ಮಿತಿ ಕನ್ನಡಕ್ಕೆ ಬಂದಾಗ ಇನ್ನೂ ಕಿರಿದು. ಒತ್ತು, ಕೊಂಬು, ಗುಡಿಸುಗಳನ್ನೂ ಯಂತ್ರ ಬೇರೆ ಬೇರೆಯಾಗಿ ಎಣಿಸುತ್ತದೆ. ‘ಸಾರ್ವಜನಿಕ’ ನಮ್ಮ ಕಣ್ಣಿಗೆ ಐದಕ್ಷರ, ಅದರ ಲೆಕ್ಕಕ್ಕೆ ಒಂಬತ್ತು. ಹಾಗಾಗಿ ಇಂಗ್ಲಿಷಿನಲ್ಲಿ ಬರೆದುಕೊಂಡು ಕನ್ನಡಕ್ಕೆ ತಿರುಗಿಸಿದರೆ ಹಿಡಿಸುವುದಿಲ್ಲ. ಮೊದಲೇ ಕನ್ನಡದಲ್ಲಿ ಯೋಚಿಸಿ ಬರೆದರೆ ‘ಸದರಿ’, ‘ಮೇರೆಗೆ’, ‘ಕೈಗೊಳ್ಳಲಾಗುವುದು’ಗಳು ತಾವಾಗಿಯೇ ಉದುರುತ್ತವೆ, ಜಾಗವೂ ಸಾಕಾಗುತ್ತದೆ.

ವದಂತಿ ಎದುರಾದಾಗ

2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ವದಂತಿಗೆ ಹೆದರಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿ ರೈಲುಗಳಿಗೆ ಮುಗಿಬಿದ್ದದ್ದು ನೆನಪಿರಬಹುದು. ಆಗ ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕೇಂದ್ರ ಸರ್ಕಾರ ಕೆಲ ದಿನ ತಡೆ ಹಾಕಿತ್ತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಗುಂಪಿನ ಏಟಿಗೆ ಸತ್ತರು. ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡಲಾಗದಂತೆ ಮಿತಿ ಹಾಕುವುದಾಗಿ ವಾಟ್ಸ್‌ಆ್ಯಪ್ ಪ್ರಕಟಿಸಿತು. ಆರು ವರ್ಷದ ಅಂತರದಲ್ಲಿ ಎರಡು ಸಲವೂ ಮದ್ದು ಐದರ ಮಿತಿಯೇ ಆದದ್ದು ವಿಚಿತ್ರ.

ಸಂಪರ್ಕಾಧಿಕಾರಿ ಮಾಡಬೇಕಾದ್ದು ಬೇರೆ. ಮೊದಲ ಸಾಲಿನಲ್ಲೇ ನಿಜ ಬರೆಯಿರಿ: “ಪರೀಕ್ಷೆ ನಿಗದಿಯಾದ ದಿನವೇ ನಡೆಯುತ್ತದೆ.” ಮುಂದೂಡಲಾಗಿದೆ ಎಂಬ ಸುದ್ದಿ ಸುಳ್ಳು ಎಂಬುದು ಎರಡನೇ ಸಾಲಾಗಲಿ. ಅರ್ಧ ಓದಿ ಫಾರ್ವರ್ಡ್ ಮಾಡುವವರ ಕೈಗೆ ಸಿಗುವುದು ಮೊದಲ ಸಾಲು ಮಾತ್ರ. ಸುಳ್ಳು ಸಂದೇಶದ ಚಿತ್ರ ತೋರಿಸಲೇಬೇಕಿದ್ದರೆ ಅದರ ಮೇಲೆ ಅಡ್ಡಲಾಗಿ ದಪ್ಪಕ್ಷರದಲ್ಲಿ ‘ಸುಳ್ಳು’ ಎಂದು ಅಚ್ಚೊತ್ತಿ. ಇಲ್ಲದಿದ್ದರೆ ನಿಮ್ಮ ಚಿತ್ರವೇ ನಾಳೆ ವದಂತಿಯಾಗಿ ತಿರುಗಿ ಬರುತ್ತದೆ. ದಿನಾಂಕ, ಸಮಯ ಹಾಕುವುದನ್ನು ಮರೆಯಬೇಡಿ. ಶಾಲೆಗೆ ಮಳೆ ರಜೆ ಎಂಬ ಹೋದ ವರ್ಷದ ಆದೇಶ ಈ ವರ್ಷ ಮೊದಲ ಮಳೆಗೇ ಎದ್ದು ಬರುತ್ತದೆ. ಮತ್ತೆ, ವಾಟ್ಸ್‌ಆ್ಯಪ್‌ನಲ್ಲಿ ಹುಟ್ಟಿದ ಸುಳ್ಳಿಗೆ ಎಕ್ಸ್‌ನಲ್ಲಿ ಉತ್ತರ ಕೊಟ್ಟು ಕೈತೊಳೆದುಕೊಂಡರೆ ಉಪಯೋಗವಿಲ್ಲ. ಆಶಾ ಕಾರ್ಯಕರ್ತೆಯರು, ಗ್ರಾಮ ಪಂಚಾಯಿತಿಯವರು, ಪೋಷಕರು ಇರುವ ಗುಂಪುಗಳಿಗೇ ಅದು ಹೋಗಬೇಕು.

ಯಜಮಾನರ ಖಾತೆ

ಮುಖ್ಯಸ್ಥರ ಖಾತೆಯ ಮೇಲೆ ಕಣ್ಣಿಡುವುದು ಅತಿ ಸೂಕ್ಷ್ಮವಾದ ಕೆಲಸ. ಸಂಸ್ಥೆಯ ಖಾತೆಯನ್ನು ಎಷ್ಟೇ ಹದವಾಗಿ ನಡೆಸಿದರೂ ಮುಖ್ಯಸ್ಥರು ತಮ್ಮ ಸ್ವಂತ ಖಾತೆಯಲ್ಲಿ ಬರೆದ ಒಂದು ಮಾತು ಎಲ್ಲವನ್ನೂ ಮಗುಚಿಹಾಕಬಲ್ಲದು. 2024ರ ಜುಲೈನಲ್ಲಿ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಕರ್ನಾಟಕದ ಮಸೂದೆಯನ್ನು ಟೀಕಿಸಿ ಫೋನ್‌ಪೇ ಮುಖ್ಯಸ್ಥ ಸಮೀರ್ ನಿಗಮ್ ಎಕ್ಸ್‌ನಲ್ಲಿ ಬರೆದರು. ಫೋನ್‌ಪೇ ಆ್ಯಪ್ ತೆಗೆದುಹಾಕಿ ಎಂಬ ಕೂಗು ಎದ್ದಿತು. ಕೆಲವೇ ದಿನಗಳಲ್ಲಿ ಅವರು ಬೇಷರತ್ ಕ್ಷಮೆ ಕೇಳಬೇಕಾಯಿತು. ಅಭಿಪ್ರಾಯ ಅವರದ್ದು, ಪೆಟ್ಟು ತಿಂದದ್ದು ಕಂಪನಿ. “ಸರ್, ಇದನ್ನ ಹಾಕೋಕೆ ಮುಂಚೆ ಹತ್ತು ನಿಮಿಷ ನನಗೆ ಕೊಡಿ” ಎನ್ನುವ ಸಲಿಗೆ ಸಂಪಾದಿಸಿಕೊಳ್ಳದ ಸಂಪರ್ಕಾಧಿಕಾರಿ ಆಮೇಲೆ ಕ್ಷಮಾಪಣೆ ಬರೆದುಕೊಡುವುದಕ್ಕೆ ಮಾತ್ರ ಬೇಕಾಗುತ್ತಾರೆ.

ವಿವರಣೆ ತಡವಾದರೂ ಪೆಟ್ಟು ತಪ್ಪಿದ್ದಲ್ಲ. ಸರ್ಕಾರಿ ಸಾಬೂನು ಕಾರ್ಖಾನೆಯ ಮೈಸೂರು ಸ್ಯಾಂಡಲ್‌ಗೆ 2025ರ ಮೇನಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿದ ಆದೇಶ ಹೊರಬಿದ್ದಾಗ, ಕನ್ನಡದ ನಟಿಯರು ಇರಲಿಲ್ಲವೇ ಎಂಬ ಪ್ರಶ್ನೆ ಜಾಲತಾಣಗಳಲ್ಲಿ ತುಂಬಿಹೋಯಿತು. ಸಚಿವ ಎಂ.ಬಿ. ಪಾಟೀಲರು ಎಕ್ಸ್‌ನಲ್ಲೇ ಉತ್ತರಿಸಿ, ಕರ್ನಾಟಕದಾಚೆಯ ಮಾರುಕಟ್ಟೆ ಹಿಡಿಯುವುದು ಉದ್ದೇಶ, ತಜ್ಞರ ಜತೆ ಚರ್ಚಿಸಿಯೇ ತೀರ್ಮಾನಿಸಲಾಗಿದೆ ಎಂದರು. ಉತ್ತರದಲ್ಲಿ ಹುರುಳಿತ್ತೋ ಇಲ್ಲವೋ ಎಂಬುದರ ಬಗ್ಗೆ ಎರಡು ಅಭಿಪ್ರಾಯ ಇರಬಹುದು. ಅದು ಪ್ರಶ್ನೆಯ ಹಿಂದೆ ಬಂತು ಎನ್ನುವುದು ಮಾತ್ರ ನಿಜ. ಅದೇ ವಿವರಣೆ ಆದೇಶದ ಜತೆಯಲ್ಲೇ ಹೊರಬಂದಿದ್ದರೆ ಚರ್ಚೆ ನಡೆಯುತ್ತಿತ್ತು, ಆದರೆ ಬೇರೆ ಜಾಗದಿಂದ ಶುರುವಾಗುತ್ತಿತ್ತು. ಜನ ಕೇಳಬಹುದಾದ ಮೊದಲ ಮೂರು ಕಹಿ ಪ್ರಶ್ನೆ ಯಾವುವು ಎಂದು ಪ್ರಕಟಣೆಗೆ ಮೊದಲೇ ಒಳಗಿನವರನ್ನು ಕೂರಿಸಿ ಕೇಳುವುದು ಈಗ ಸಂಪರ್ಕಾಧಿಕಾರಿಯ ಕೆಲಸ. ಅದಕ್ಕಾಗಿ ಅವರಿಗೆ ತೀರ್ಮಾನ ಆಗುವ ಸಭೆಯಲ್ಲೇ ಕುರ್ಚಿ ಬೇಕು.

ಕೆಲವು ಸಲ ಸುಮ್ಮನಿರುವುದೇ ಜಾಣತನ. 2023ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಬರುವುದಾಗಿ ಅಮುಲ್ ಟ್ವೀಟ್ ಮಾಡಿದಾಗ ನಂದಿನಿ ಪರವಾಗಿ ನಿಂತದ್ದು ಗ್ರಾಹಕರು. ಬೆಂಗಳೂರಿನ ಹೋಟೆಲ್‌ಗಳ ಸಂಘವೂ ನಂದಿನಿ ಹಾಲನ್ನೇ ಬಳಸುವುದಾಗಿ ಹೇಳಿತು. ವಿಧಾನಸಭಾ ಚುನಾವಣೆ ಎದುರಿಗಿತ್ತು. ಅಂಥ ಹೊತ್ತಿನಲ್ಲಿ ಸಂಸ್ಥೆಯ ಖಾತೆ ಹುರುಪಿನಲ್ಲಿ ನಡುವೆ ನುಗ್ಗಿದರೆ ಜನರ ಅಭಿಮಾನ ಪಕ್ಷಗಳ ಜಗಳವಾಗಿ ಹೋಗುತ್ತದೆ.

ದುಡ್ಡಿಗೆ ಬಂದ ಹೊಗಳಿಕೆಯನ್ನು ಮಾತ್ರ ಜನರ ಅಭಿಮಾನ ಎಂದು ತೋರಿಸಲು ಹೋಗಬೇಡಿ. ರೀಲ್ಸ್ ಮಾಡುವವರಿಗೆ ಹಣ, ಉಡುಗೊರೆ, ಉಚಿತ ಪ್ರವಾಸ ಏನೇ ಕೊಟ್ಟಿದ್ದರೂ ಅದು ಜಾಹೀರಾತು ಎಂದು ಎದ್ದು ಕಾಣುವಂತೆ ಹೇಳಬೇಕು ಎನ್ನುತ್ತವೆ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ ಮತ್ತು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯ 2023ರ ಸೂಚನೆಗಳು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಇದೆ. ನಕಲಿ ಖಾತೆಗಳಿಂದ ನಿಮ್ಮನ್ನು ನೀವೇ ಹೊಗಳಿಸಿಕೊಳ್ಳುವುದಂತೂ ಕಾನೂನಿಗಿಂತ ಮೊದಲು ವೃತ್ತಿಯ ಮರ್ಯಾದೆಯ ಪ್ರಶ್ನೆ. 1958ರಲ್ಲಿ ಹುಟ್ಟಿದ ಭಾರತೀಯ ಸಾರ್ವಜನಿಕ ಸಂಪರ್ಕ ಸಂಘ 1968ರ ಏಪ್ರಿಲ್ 21ರಂದು ದೆಹಲಿಯ ಸಮ್ಮೇಳನದಲ್ಲಿ ನೀತಿಸಂಹಿತೆಯನ್ನು ಒಪ್ಪಿಕೊಂಡಿತು. ಏಪ್ರಿಲ್ 21ನ್ನು ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನ ಎಂದು ಆಚರಿಸುವುದು ಆ ನೆನಪಿಗೆ.

ತಿಂಗಳ ಕೊನೆಗೆ ವರದಿ ಕೇಳುತ್ತಾರೆ. ಹಿಂದೆ ಕಾಲಂ ಸೆಂಟಿಮೀಟರ್ ಅಳೆದು, ಅಷ್ಟೇ ಜಾಗದ ಜಾಹೀರಾತಿಗೆ ಎಷ್ಟಾಗುತ್ತಿತ್ತು ಎಂದು ಗುಣಿಸಿ ತೋರಿಸುತ್ತಿದ್ದರು. ಆ ಲೆಕ್ಕಕ್ಕೆ ಅರ್ಥವಿಲ್ಲ ಎಂದು 2010ರಲ್ಲೇ ಬಾರ್ಸಿಲೋನಾದಲ್ಲಿ ಸೇರಿದ ಅಂತರರಾಷ್ಟ್ರೀಯ ವೃತ್ತಿ ಸಂಘಟನೆಗಳು ಹೇಳಿಯಾಗಿದೆ. ಈಗ ಅದರ ಜಾಗಕ್ಕೆ ಲೈಕ್, ವ್ಯೂಗಳು ಬಂದು ಕೂತಿವೆ. ಅವು ದುಡ್ಡಿಗೆ ಸಿಗುವ ವಸ್ತುಗಳು. ಎಷ್ಟು ದೂರು ಬಂತು, ಮೊದಲ ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು, ನಿಜಕ್ಕೂ ಎಷ್ಟು ಬಗೆಹರಿಯಿತು, ಯಾವ ಪ್ರಶ್ನೆ ಮತ್ತೆ ಮತ್ತೆ ಬಂತು ಎಂದು ಒಂದೇ ಹಾಳೆಯಲ್ಲಿ ಬರೆದುಕೊಡಿ. ಯಾವ ವಿಭಾಗ ನಿಮ್ಮ ಫೋನ್ ಎತ್ತುವುದಿಲ್ಲ ಎಂಬುದು ಅದರಲ್ಲಿ ತಾನಾಗಿಯೇ ಕಾಣುತ್ತದೆ. ಅದಕ್ಕೆ ಬೇರೆ ಚಾಡಿ ಬೇಕಿಲ್ಲ.

ಕೊನೆಯದಾಗಿ ನಿದ್ದೆ. ಒಬ್ಬರೇ ದಿನದ 24 ಗಂಟೆಯೂ ಫೋನು ಹಿಡಿದು ಕೂರುವ ವ್ಯವಸ್ಥೆ ಬಾಳಿಕೆ ಬರುವುದಿಲ್ಲ. ಇಬ್ಬರಿದ್ದರೆ ಪಾಳಿ ಹಾಕಿಕೊಳ್ಳಿ. ಒಬ್ಬರೇ ಇದ್ದರೆ ಉತ್ತರ ಕೊಡುವ ಸಮಯವನ್ನು ಖಾತೆಯ ಮೇಲೇ ಬರೆದು, ತುರ್ತಿಗೆ ಸಂಸ್ಥೆಯ ಕಂಟ್ರೋಲ್ ರೂಂ ನಂಬರ್ ಕೊಡಿ. ಖಾತೆಯ ಪಾಸ್‌ವರ್ಡ್ ಒಬ್ಬರ ತಲೆಯಲ್ಲಷ್ಟೇ ಇರಬಾರದು. ವರ್ಗಾವಣೆಯಾಗಿ ಹೋದವರ ಫೋನಿಗೇ ಇನ್ನೂ ಒಟಿಪಿ ಹೋಗುತ್ತಿರುವ ಕಚೇರಿಗಳು ಕಡಿಮೆಯೇನಿಲ್ಲ.

ಯಾವ ಉತ್ತರಕ್ಕೆ ಯಾರು ಒಪ್ಪಬೇಕೆಂಬ ಆ ಒಂದು ಪುಟದ ಒಪ್ಪಿಗೆಪತ್ರ ನಿಮ್ಮ ಕಚೇರಿಯಲ್ಲಿ ಇನ್ನೂ ಇಲ್ಲದಿದ್ದರೆ ಈ ವಾರವೇ ಕರಡು ಬರೆದು ಸಾಹೇಬರ ಮುಂದಿಡಿ. ಬಿಕ್ಕಟ್ಟಿನ ದಿನ ಅದಕ್ಕೆ ಸಹಿ ಮಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ.